ಉತ್ತರ ಕೆನಡಾದ ಮೂಲನಿವಾಸಿ ಊರುಗಳಲ್ಲಿ ಸಂಶೋಧನೆ: ಅನುದಾನದ ಅರ್ಜಿಯನ್ನು ಸಿದ್ಧಪಡಿಸುವ ಬಗೆ

ವಾಸ್ಕೋದ ಹೆಡ್‌ಲ್ಯಾಂಡ್ ಸಡಾದಲ್ಲಿ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇರುವುದರಿಂದ, ಗೋವಾದ ಕನ್ನಡ ಮನೆಗಳ ಮಕ್ಕಳಿಗೆ ಆರ್ಕ್ಟಿಕ್ ಎಂಬ ಹೆಸರು ಹೊಸದೇನಲ್ಲ. ಆದರೆ 2008ರಲ್ಲಿ ಆರಂಭವಾದ ನಮ್ಮ ದೇಶದ ಹಿಮಾದ್ರಿ ಠಾಣೆ ಇರುವುದು ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ; ಅಲ್ಲಿ ಮೂಲನಿವಾಸಿ ಸಮುದಾಯಗಳಿಲ್ಲ. ಉತ್ತರ ಕೆನಡಾದ ಪರಿಸ್ಥಿತಿ ಬೇರೆ. ಇನ್ಯುಯಿಟ್ ಜನರ ನಾಡಾದ ಇನ್ಯುಯಿಟ್ ನುನಂಗಟ್‌ನಲ್ಲೇ ನಾಲ್ಕು ಪ್ರದೇಶಗಳೂ 51 ಊರುಗಳೂ ಇವೆ; ನುನಾವುಟ್ ಆ ಪ್ರದೇಶಗಳಲ್ಲೊಂದು. ಇತರ ಭಾಗಗಳಲ್ಲಿ ಫಸ್ಟ್ ನೇಷನ್ಸ್ ಮತ್ತು ಮೇಟಿ ಎಂಬ ಬೇರೆ ಮೂಲನಿವಾಸಿ ಸಮುದಾಯಗಳಿವೆ. ಹಿಮದ ಮೇಲೆ ಉಪಕರಣವಿಟ್ಟು ಅಳತೆ ತೆಗೆದುಕೊಂಡು ಬರುವ ಲೆಕ್ಕದಲ್ಲಿ ಬರೆದ ಅರ್ಜಿ ಅಲ್ಲಿಗೆ ಒಗ್ಗುವುದಿಲ್ಲ.

ಮೊದಲು ಅರ್ಹತೆಯನ್ನು ನೋಡಿಕೊಳ್ಳಬೇಕು. ಪೋಲಾರ್ ನಾಲೆಜ್ ಕೆನಡಾ ಸಂಸ್ಥೆಯ ಉತ್ತರ ವೈಜ್ಞಾನಿಕ ತರಬೇತಿ ಕಾರ್ಯಕ್ರಮವು ವಿದ್ಯಾರ್ಥಿಗಳ ಕ್ಷೇತ್ರಕಾರ್ಯದ ಖರ್ಚಿಗೆ ನೆರವಾಗುತ್ತದೆ. ಆದರೆ ಅದು ಕೆನಡಾದ ಪೌರರಿಗೆ ಮತ್ತು ಕಾಯಂ ನಿವಾಸಿಗಳಿಗೆ ಮೀಸಲು, ಅರ್ಜಿಯೂ ವಿಶ್ವವಿದ್ಯಾಲಯದ ಮೂಲಕವೇ ಹೋಗಬೇಕು. ವಿದ್ಯಾರ್ಥಿ ವೀಸಾದಲ್ಲಿರುವವರು ಮಾರ್ಗದರ್ಶಕರ ಯೋಜನಾ ನಿಧಿಯಲ್ಲಿ ಸೇರಿಕೊಳ್ಳುವುದು ಸರಿಯಾದ ದಾರಿ. ಭಾರತದಲ್ಲೇ ಇದ್ದುಕೊಂಡು ಯತ್ನಿಸುವವರು, ಎರಡೂ ದೇಶಗಳ ನಡುವಿನ ಶೈಕ್ಷಣಿಕ ಸಹಕಾರಕ್ಕಾಗಿ 1968ರಲ್ಲಿ ಸ್ಥಾಪನೆಯಾದ ಶಾಸ್ತ್ರಿ ಇಂಡೋ-ಕೆನಡಿಯನ್ ಸಂಸ್ಥೆಯಲ್ಲಿ ತಮ್ಮ ವಿಶ್ವವಿದ್ಯಾಲಯ ಸದಸ್ಯತ್ವ ಪಡೆದಿದೆಯೇ ಎಂದು ವಿಚಾರಿಸಬೇಕು.

ಅರ್ಜಿಯ ಒಂದು ಸಾಲನ್ನೂ ಬರೆಯುವ ಮುನ್ನ ಆ ಊರಿನವರೊಂದಿಗೆ ಮಾತನಾಡಬೇಕು. ನುನಾವುಟ್‌ನ ಊರುಗಳಲ್ಲಿ ಹ್ಯಾಮ್ಲೆಟ್ ಕೌನ್ಸಿಲ್ ಎಂಬ ಸ್ಥಳೀಯ ಆಡಳಿತ ಮತ್ತು ಬೇಟೆಗಾರರ ಸಂಘ, ಇವೆರಡನ್ನೂ ಕಾಣಬೇಕು. ಇಮೇಲ್ ಕಳಿಸಿ ಸುಮ್ಮನೆ ಕೂರುವ ಬದಲು ಫೋನ್ ಮಾಡುವುದು ಒಳ್ಳೆಯದು. ನುನಾವುಟ್ ರಾಜಧಾನಿ ಇಕಾಲುಯಿಟ್‌ನಲ್ಲಿ ಚಳಿಗಾಲದ ಬೆಳಿಗ್ಗೆ 9 ಗಂಟೆಯಾದಾಗ ನಮ್ಮಲ್ಲಿ ಸಂಜೆ 7.30, ಆದ್ದರಿಂದ ವಾಸ್ಕೋದಿಂದಲೋ ಪುಣೆಯಿಂದಲೋ ಮಾತನಾಡುವುದು ಕಷ್ಟವೇನಲ್ಲ. ನಿಮ್ಮ ಪ್ರಶ್ನೆ ಅವರಿಗೆ ಬೇಕಾದದ್ದೇ, ಯಾವ ತಿಂಗಳಲ್ಲಿ ಬಂದರೆ ಅನುಕೂಲ, ಬೇಟೆಗೆ ಜನ ಯಾವಾಗ ಊರು ಬಿಟ್ಟಿರುತ್ತಾರೆ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಅವರ ಉತ್ತರದಿಂದ ನಿಮ್ಮ ಪ್ರಶ್ನೆಯೇ ಬದಲಾದರೆ ಬದಲಾಗಲಿ. ಹಾಗೆ ಬದಲಾದ ಅರ್ಜಿ ಹೆಚ್ಚು ಗಟ್ಟಿಯಾಗಿರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಂಶೋಧನಾ ಪರವಾನಗಿಗಳ ಬಗ್ಗೆ ಸಂಕ್ಷಿಪ್ತವಾಗಿ ಹೇಳುವುದಾದರೆ, ವಾಯವ್ಯ ಪ್ರಾಂತ್ಯಗಳಲ್ಲಿ ಅರೋರಾ ಸಂಶೋಧನಾ ಸಂಸ್ಥೆ, ನುನಾವುಟ್‌ನಲ್ಲಿ ನುನಾವುಟ್ ಸಂಶೋಧನಾ ಸಂಸ್ಥೆ ಅವನ್ನು ಕೊಡುತ್ತವೆ. ವನ್ಯಜೀವಿ ಮತ್ತು ಪುರಾತತ್ತ್ವಕ್ಕೆ ಪ್ರತ್ಯೇಕ ಅನುಮತಿ ಬೇಕು. ನುನಾವುಟ್‌ನಲ್ಲಿ ಯೋಜನೆಯ ಸಾರಾಂಶವನ್ನು ಇನ್ಯುಯಿಟ್ ಜನರ ಇನುಕ್ಟಿಟುಟ್ ಭಾಷೆಯಲ್ಲೂ ಸಲ್ಲಿಸಬೇಕಾದ್ದರಿಂದ ಅನುವಾದಕ್ಕೆ ಸಮಯವನ್ನೂ ಹಣವನ್ನೂ ಮೊದಲೇ ತೆಗೆದಿಡಿ. ಕೆನಡಾದ ಸಂಶೋಧನಾ ನೀತಿಸಂಹಿತೆಯಾದ ಟಿಸಿಪಿಎಸ್ 2ರ ಒಂಬತ್ತನೆಯ ಅಧ್ಯಾಯವು ಇಡಿಯಾಗಿ ಮೂಲನಿವಾಸಿಗಳೊಂದಿಗಿನ ಸಂಶೋಧನೆಗೇ ಮೀಸಲಾಗಿದೆ. ನೈತಿಕ ಸಮಿತಿಯ ಮುಂದೆ ಹೋಗುವ ಮೊದಲು ಅದನ್ನು ಪೂರ್ತಿಯಾಗಿ ಓದಬೇಕು.

ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವ ಭಾಗ ಆಯವ್ಯಯ. ನಾನು ಬೆಳೆದದ್ದು ವಾಸ್ಕೋದ ಬಾಯ್ನಾದಲ್ಲಿ, ಬಾಗಲಕೋಟೆ ಕಡೆಯಿಂದ ಕೂಲಿಗೆ ಬಂದ ಕುಟುಂಬದಲ್ಲಿ. ಒಮ್ಮೆ ಸಮೀಕ್ಷೆಗೆಂದು ಬಂದ ತಂಡವೊಂದು ನಮ್ಮವ್ವನನ್ನು ಕೂರಿಸಿಕೊಂಡು ಮಧ್ಯಾಹ್ನದವರೆಗೆ ಪ್ರಶ್ನೆ ಕೇಳಿತು, ಮನೆಯಲ್ಲಿದ್ದ ನೀರಿನ ಕೊಡಗಳನ್ನೂ ಎಣಿಸಿಕೊಂಡಿತು. ಅವ್ವನ ಅಂದಿನ ಪಗಾರ ಹೋಯಿತು. ಬರೆದುಕೊಂಡದ್ದು ಏನಾಯಿತೆಂದು ಹೇಳಲು ಅವರಾರೂ ಮರಳಿ ಬರಲಿಲ್ಲ, ಅವ್ವ ಮಾತ್ರ ಬಹಳ ವರ್ಷ "ಆ ಕೊಡದ ಲೆಕ್ಕ ಏನಾತು?" ಎಂದು ಕೇಳುತ್ತಿದ್ದಳು. ಯಾರದೇ ಅರ್ಜಿಯನ್ನು ತಿದ್ದಲು ಕುಳಿತಾಗ ನಾನು ಮೊದಲು ಹುಡುಕುವುದು, ಮಾತನಾಡುವವರ ಸಮಯಕ್ಕೆ ಹಣವಿಟ್ಟಿದ್ದಾರೆಯೇ ಎಂಬುದನ್ನು.

ಹಿರಿಯರಿಗೆ ಗೌರವಧನ, ದುಭಾಷಿಯ ದಿನಗೂಲಿ, ದಾರಿ ತೋರಿಸುವವರ ಸಂಬಳ, ಹಿಮದ ಮೇಲೆ ಓಡುವ ಅವರ ಸ್ನೋಮೊಬೈಲ್‌ನ ಬಾಡಿಗೆ ಮತ್ತು ಇಂಧನ, ಸಭೆಯ ದಿನದ ಊಟ, ಇವಕ್ಕೆ ಪ್ರತ್ಯೇಕ ಸಾಲುಗಳಿರಲಿ. "ಇತರೆ" ಎಂಬ ಒಂದೇ ತಲೆಬರಹದಡಿ ಅವನ್ನು ತುರುಕಬಾರದು. ಎಷ್ಟು ಕೊಡಬೇಕೆಂಬುದನ್ನು ಊರಿನ ಸಂಘದಿಂದಲೇ ಕೇಳಿ ತಿಳಿಯಬೇಕು. ನುನಾವುಟ್‌ನ 25 ಊರುಗಳಲ್ಲಿ ಒಂದಕ್ಕೂ ಹೊರಗಿನಿಂದ ರಸ್ತೆಯಿಲ್ಲ. ಜನ ವಿಮಾನದಲ್ಲಿ ಬರುತ್ತಾರೆ, ಭಾರವಾದ ಸರಕು ಬೇಸಿಗೆಯಲ್ಲಿ ಹಡಗಿನಲ್ಲಿ ಬರುತ್ತದೆ. ಹಾಗಾಗಿ ಉಪಕರಣಗಳ ಸಾಗಣೆಯ ದರವನ್ನು ಮೊದಲೇ ವಿಚಾರಿಸಿಕೊಂಡು, ಹವಾಮಾನದಿಂದ ವಿಮಾನ ರದ್ದಾದರೆ ಉಳಿಯಬೇಕಾದ ಹೆಚ್ಚುವರಿ ದಿನಗಳ ಖರ್ಚನ್ನೂ ಕಾರಣಸಹಿತ ತೋರಿಸಬೇಕು.

ವೃತ್ತಿ ತರಬೇತಿಯ ಹಣವೆಂದರೆ ನಿಮ್ಮ ಸಮ್ಮೇಳನದ ಪ್ರಯಾಣದ ಖರ್ಚು ಮಾತ್ರವಲ್ಲ. ಊರಿನ ಯುವಜನರಿಗೆ ಸಂಬಳ ಸಹಿತ ಕಲಿಕೆಯನ್ನು ಯೋಜನೆಯಲ್ಲೇ ಸೇರಿಸಬಹುದು. ನುನಾವುಟ್ ಆರ್ಕ್ಟಿಕ್ ಕಾಲೇಜಿನಲ್ಲಿ ಪರಿಸರ ತಂತ್ರಜ್ಞಾನ ಓದುವವರನ್ನು ಕ್ಷೇತ್ರ ಸಹಾಯಕರಾಗಿ ತೆಗೆದುಕೊಳ್ಳುವುದು ಒಂದು ದಾರಿ. ಸ್ಮಾರ್ಟ್‌ಐಸ್ ಎಂಬ ಸಂಸ್ಥೆ ಇದಕ್ಕೆ ಒಳ್ಳೆಯ ಮಾದರಿ. ಸ್ನೋಮೊಬೈಲ್ ಹಿಂದೆ ಎಳೆದೊಯ್ಯುವ ಜಾರುಬಂಡಿಯ ಮೇಲೆ ಸಂವೇದಕವಿಟ್ಟು ಸಮುದ್ರದ ಮಂಜುಗಡ್ಡೆಯ ದಪ್ಪವನ್ನು ಅಳೆಯುವ ಕೆಲಸದಲ್ಲಿ ಅದು ಸ್ಥಳೀಯ ಇನ್ಯುಯಿಟ್ ಜನರನ್ನೇ ತರಬೇತುಗೊಳಿಸುತ್ತದೆ. ಯಾವ ಮಂಜುಗಡ್ಡೆ ಭಾರ ತಾಳುತ್ತದೆ ಎಂಬ ಮಾಹಿತಿ ಆ ಊರಿನ ಬೇಟೆಗಾರರಿಗೇ ಉಪಯೋಗಕ್ಕೆ ಬರುತ್ತದೆ. ಕೆನಡಾದ ಇನ್ಯುಯಿಟ್ ಜನರ ರಾಷ್ಟ್ರೀಯ ಸಂಘಟನೆಯಾದ ಇನ್ಯುಯಿಟ್ ತಪಿರೀಟ್ ಕನಟಮಿ 2018ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಂಶೋಧನಾ ಕಾರ್ಯನೀತಿಯ ಐದು ಆದ್ಯತೆಗಳಲ್ಲಿ ಸ್ಥಳೀಯ ಸಾಮರ್ಥ್ಯವನ್ನು ಬೆಳೆಸುವುದೂ ಒಂದಾದ್ದರಿಂದ, ಅರ್ಜಿಯ ಈ ಭಾಗವನ್ನು ಆ ದಾಖಲೆಯ ಜೊತೆಗಿಟ್ಟುಕೊಂಡು ಬರೆಯಬೇಕು.

ದತ್ತಾಂಶ ಯಾರದು ಎಂಬುದನ್ನು ಒಪ್ಪಂದದಲ್ಲಿ ಮೊದಲೇ ನಮೂದಿಸಬೇಕು. ಫಸ್ಟ್ ನೇಷನ್ಸ್ ಸಮುದಾಯಗಳಲ್ಲಿ ಓಕ್ಯಾಪ್ ಎಂಬ ನಿಯಮಗಳು ಒಡೆತನ, ನಿಯಂತ್ರಣ, ಪ್ರವೇಶ, ಸ್ವಾಧೀನ ಈ ನಾಲ್ಕನ್ನೂ ಸಮುದಾಯದ ಹಕ್ಕೆಂದು ಹೇಳುತ್ತವೆ. ಅವನ್ನು ಇನ್ಯುಯಿಟ್ ಊರುಗಳಿಗೂ ಹಾಗೆಯೇ ಅನ್ವಯಿಸದೆ, ಅಲ್ಲಿನ ಸಂಘಟನೆಗಳ ನಿಯಮವೇನೆಂದು ಕೇಳಬೇಕು. ಕೊನೆಯ ವರ್ಷದ ಆಯವ್ಯಯದಲ್ಲಿ ಆ ಊರಿಗೆ ಮತ್ತೊಮ್ಮೆ ಹೋಗಿಬರುವ ವಿಮಾನದ ಟಿಕೆಟ್ಟು, ಫಲಿತಾಂಶದ ಸರಳ ಸಾರಾಂಶದ ಅನುವಾದ ಮತ್ತು ಮುದ್ರಣ, ಸಮುದಾಯ ಭವನದ ಬಾಡಿಗೆ ಇವಿಷ್ಟನ್ನೂ ಸೇರಿಸಿ. ಮಂಜೂರಾದ ಮೊತ್ತ ಕೇಳಿದ್ದಕ್ಕಿಂತ ಕಡಿಮೆಯಾಗಿದ್ದರೆ ಉಪಕರಣದಲ್ಲೋ ನಿಮ್ಮ ಸಮ್ಮೇಳನದ ಪ್ರಯಾಣದಲ್ಲೋ ಕಡಿತ ಮಾಡಿ, ಈ ಸಾಲುಗಳನ್ನು ಮುಟ್ಟಬೇಡಿ.