ಗೋವಾದಲ್ಲಿ ನಾವು ಮಾಡಿಕೊಂಡ ಮದುವೆ ಪೂರ್ವ ಕರಾರು

ಗೋವಾದವರು ಮದುವೆಗೆ ಮೊದಲು ಕರಾರು ಮಾಡಿಕೊಳ್ಳದಿದ್ದರೆ ಗಂಡ ಹೆಂಡತಿಯ ಆಸ್ತಿ ಒಂದಾಗುತ್ತದೆ. 1867ರ ಪೋರ್ಚುಗೀಸ್ ಸಿವಿಲ್ ಕೋಡ್ ಇಲ್ಲಿ ಇನ್ನೂ ಜಾರಿಯಲ್ಲಿದೆ. ಮೊದಲೇ ಇದ್ದದ್ದು, ಆಮೇಲೆ ಗಳಿಸಿದ್ದು, ತವರಿನಿಂದ ಬಂದದ್ದು, ಎಲ್ಲದರಲ್ಲೂ ಸಾಮಾನ್ಯವಾಗಿ ಇಬ್ಬರಿಗೂ ಸಮಪಾಲು. ಮನೆಯಲ್ಲೇ ದುಡಿಯುವ ಹೆಂಗಸಿಗೆ ಇದು ದೊಡ್ಡ ಆಸರೆ. ಆದರೂ ನಾವು ಬೇರೆ ದಾರಿ ಹಿಡಿದೆವು. ಕಾರಣ, ಸಾಲ.

ನನ್ನ ಅಪ್ಪ ಗದಗದ ಕಡೆಯಿಂದ ವಾಸ್ಕೋಗೆ ಬಂದು, ಬಂದರಿನಲ್ಲಿ ದುಡಿದು ಒಂದು ಮನೆ ಕಟ್ಟಿದರು. ಅದು ನನ್ನ ಹೆಸರಿಗಿದೆ, ಅವ್ವ ಅದರಲ್ಲೇ ಇದ್ದಾಳೆ. ನಾನು ಮದುವೆಯಾಗಬೇಕಿದ್ದವರದು ಲಾರಿ ವ್ಯವಹಾರ, ಲಾರಿಗಳ ಮೇಲೆ ಬ್ಯಾಂಕ್ ಸಾಲ. ಕರಾರಿನ ಮಾತು ತೆಗೆದವರು ಅವರೇ. ಸಾಲದ ಕಾಗದಗಳನ್ನೆಲ್ಲ ನನ್ನ ಮುಂದೆ ಹರವಿ, "ನಿನ್ನ ಬಂಗಾರ ಎಷ್ಟೈತಿ ಅಂತ ನಾ ಕೇಳಂಗಿಲ್ಲ. ನನ್ನ ಸಾಲ ಎಷ್ಟೈತಿ ಅನ್ನೂದು ನೀ ಮೊದ್ಲ ನೋಡು" ಅಂದರು. ಈ ಮಾತಿಗೆ ಕೂರುವವರು ಸಾಲದಿಂದಲೇ ಶುರು ಮಾಡಬೇಕೆಂದು ನಾನು ಎಲ್ಲರಿಗೂ ಹೇಳುತ್ತೇನೆ. ಆಸ್ತಿಯಿಂದ ಶುರುವಾದರೆ ಅನುಮಾನ ಹುಟ್ಟುತ್ತದೆ.

ಮಾವನವರಿಗೆ ಮಾತ್ರ ಬೇಸರವಾಯಿತು. "ಅಕ್ಷತಾ ಬೀಳೂಕಿಂತ ಮೊದ್ಲ ಪಾಲು ಮಾಡ್ಕೋತೀರೇನು?" ಎಂದರು. ಅವ್ವನೇ ಉತ್ತರ ಕೊಟ್ಟಳು: "ಪಾಲಲ್ರೀ ಬೀಗರ. ನಾಳೆ ಲಾರಿ ನಿಂತ್ರ ನಿಮ್ಮ ಮಗಾ ಸೊಸಿಗೆ ಒಂದು ಸೂರರ ಉಳೀತೈತಿ."

ವಕೀಲರು ಎರಡು ದಾರಿಗಳನ್ನು ವಿವರಿಸಿದರು. ಒಂದು, ಪೂರ್ತಿ ಬೇರೆ. ಇನ್ನೊಂದು, ಮದುವೆಗೆ ತಂದದ್ದು ಅವರವರದು, ಆಮೇಲೆ ಗಳಿಸಿದ್ದು ಇಬ್ಬರದು. ಒಬ್ಬರೇ ದುಡಿಯುವ ಸಂಸಾರಕ್ಕೆ ಎರಡನೆಯದೇ ನ್ಯಾಯ ಎಂದು ನನಗನ್ನಿಸುತ್ತದೆ. ನನ್ನ ಟೈಲರಿಂಗ್ ಅಂಗಡಿ ಚೆನ್ನಾಗಿ ನಡೆಯುತ್ತಿದ್ದುದರಿಂದ ನಾವು ಮೊದಲನೆಯದನ್ನು ಆರಿಸಿದೆವು. ಮನೆ, ಹೊಲಿಗೆ ಯಂತ್ರ, ಬಂಗಾರ, ಲಾರಿ, ಸಾಲ ಎಲ್ಲವನ್ನೂ ಪಟ್ಟಿ ಮಾಡಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರ ಮಾಡಿಸಿದೆವು. ಮದುವೆಯಾದ ಮೇಲೆ ಇದನ್ನು ಬದಲಿಸಲು ಬರುವುದಿಲ್ಲ. ಹಾಗಾಗಿ ಸಿವಿಲ್ ರಿಜಿಸ್ಟ್ರಾರ್ ಮುಂದಿನ ಸಹಿಗೂ, ಊರಿನ ಅಕ್ಷತೆಗೂ ಮೊದಲೇ ಪತ್ರ ಕೈಯಲ್ಲಿತ್ತು.

ಪತ್ರವಿದ್ದರೂ ಜಾಮೀನಿಗೆ ಸಹಿ ಹಾಕಿದರೆ ಬ್ಯಾಂಕು ನಮ್ಮನ್ನು ಬಿಡುವುದಿಲ್ಲ. ಲಾರಿ ಸಾಲಕ್ಕೆ ನಾನು ಜಾಮೀನು ನಿಂತಿಲ್ಲ, ನಿಲ್ಲು ಎಂದು ಅವರು ಕೇಳಿಯೂ ಇಲ್ಲ. ಆದಾಯ ತೆರಿಗೆಯ ವಿಷಯವೂ ಒಂದಿದೆ. ಆಸ್ತಿ ಒಂದಾದ ಗೋವಾ ದಂಪತಿಯ ಬಾಡಿಗೆ, ಬಡ್ಡಿಯಂಥ ಆದಾಯವನ್ನು 1961ರ ಕಾಯ್ದೆಯ 5ಎ ಕಲಮು ಇಬ್ಬರಿಗೂ ಅರ್ಧರ್ಧ ಹಂಚುತ್ತಿತ್ತು, ಸಂಬಳ ಮಾತ್ರ ದುಡಿದವರದೇ. ನಾವು ನಮ್ಮ ನಮ್ಮದನ್ನೇ ತೋರಿಸಿದೆವು.

ಧಾರವಾಡದ ಚಿಕ್ಕಪ್ಪನ ಮಗಳು ಪತ್ರದ ನಕಲು ಕೇಳಿದಳು. ಅಲ್ಲಿ ಇಂಥ ಕರಾರನ್ನು ಕೋರ್ಟು ಒಪ್ಪುತ್ತದೆಂಬ ಭರವಸೆಯಿಲ್ಲ ಎಂದೆ. ಅವಳು ವರದಕ್ಷಿಣೆ ನಿಷೇಧ ಕಾಯ್ದೆಯಡಿಯ 1985ರ ನಿಯಮದಂತೆ ಮದುವೆಯ ಉಡುಗೊರೆಗಳ ಪಟ್ಟಿ ಬರೆಸಿ, ಇಬ್ಬರ ಸಹಿ ಹಾಕಿಸಿಕೊಂಡಳು. ಬಂಗಾರದ ರಸೀದಿಗಳೂ ಲಾಕರೂ ಅವಳ ಹೆಸರಿನಲ್ಲೇ ಇವೆ.