ಹಾಜರಿ ಪುಸ್ತಕದಲ್ಲಿ ಜ್ವರಕ್ಕೂ ಒಂದು ಕಾಲಂ

ಗೋವಾದ ಪರ್ವರಿಯಲ್ಲಿ ನಾನು ಕಟ್ಟಡ ಕೆಲಸದ ಗ್ಯಾಂಗ್ ನೋಡಿಕೊಳ್ಳುತ್ತೇನೆ. ನಮ್ಮವರೆಲ್ಲ ಗದಗ, ಕೊಪ್ಪಳ, ಬಾಗಲಕೋಟೆ ಕಡೆಯವರು. ಮಳೆಗಾಲ ಬಂತೆಂದರೆ ಯಾರಿಗಾದರೂ ಮಲೇರಿಯಾ ಬರುತ್ತಿತ್ತು. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆಗೂ ಗುಳಿಗೆಗೂ ದುಡ್ಡಿಲ್ಲ. ಆದರೂ ಜ್ವರ ಬಂದ ಮನೆಯವರು ಸಾಲಕ್ಕೆ ಬೀಳುತ್ತಿದ್ದರು. ಯಾಕೆ ಹೀಗಾಗುತ್ತದೆ ಎಂದು ತಿಳಿಯಲು ಹಾಜರಿ ಪುಸ್ತಕದಲ್ಲಿ ಜ್ವರಕ್ಕೇ ಒಂದು ಕಾಲಂ ಎಳೆದೆ.

ಅದರಲ್ಲಿ ಔಷಧದ ಖರ್ಚು ಮಾತ್ರ ಬರೆಯಲಿಲ್ಲ. ಮಲಗಿದವರ ಪಗಾರ, ಅವರನ್ನು ನೋಡಿಕೊಳ್ಳಲು ಉಳಿದವರ ಪಗಾರ, ರಿಕ್ಷಾ ಬಾಡಿಗೆ, ಕೈಸಾಲ, ಎಲ್ಲ ಬರೆದೆ. ಗಂಡನಿಗೆ ದಿನಕ್ಕೆ 800 ರೂಪಾಯಿ, ಹೆಂಡತಿಗೆ 500 ಅಂದುಕೊಳ್ಳಿ. ಗಂಡನ 6 ಹಾಜರಿ ಹೋಯಿತು, ಹೆಂಡತಿಯದು 3. ಅಲ್ಲಿಗೇ 6,300 ರೂಪಾಯಿ ಕೈಬಿಟ್ಟಿತು. ಗುಳಿಗೆಗೆ ಒಂದು ರೂಪಾಯಿಯೂ ಕೊಟ್ಟಿಲ್ಲ, ನೋಡಿ. ಜ್ವರ ಬಿಟ್ಟ ಮೇಲೂ ಮೈಯಲ್ಲಿ ಕಸುವು ಇರುವುದಿಲ್ಲ, ಸಿಮೆಂಟ್ ಚೀಲ ಎತ್ತಲಾಗುವುದಿಲ್ಲ. ಅಷ್ಟರಲ್ಲಿ ಖೋಲಿ ಬಾಡಿಗೆ ಬರುತ್ತದೆ, ಊರಿಗೆ ಕಳಿಸುವ ದುಡ್ಡು ನಿಲ್ಲುತ್ತದೆ. ಬಡ್ಡಿಗೆ ತಂದ ಹಣ ಮುಂದಿನ ಹಬ್ಬದವರೆಗೂ ತೀರುವುದಿಲ್ಲ.

ಗ್ಯಾಲಪ್ ಮತ್ತು ಸ್ಯಾಕ್ಸ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2001ರಲ್ಲಿ ಇದೇ ಪ್ರಶ್ನೆಯನ್ನು ದೇಶಗಳ ಮಟ್ಟದಲ್ಲಿ ಕೇಳಿದ್ದರು. 1965ರಿಂದ 1990ರವರೆಗೆ ಮಲೇರಿಯಾ ತೀವ್ರವಾಗಿದ್ದ ದೇಶಗಳ ಆರ್ಥಿಕ ಬೆಳವಣಿಗೆ ವರ್ಷಕ್ಕೆ 1.3 ಪರ್ಸೆಂಟ್ ಕಡಿಮೆ ಇತ್ತು ಎಂದು ಅವರು ಕಂಡುಕೊಂಡರು. ಬಡತನದಿಂದ ಮಲೇರಿಯಾ ಹೆಚ್ಚುತ್ತದೋ, ಮಲೇರಿಯಾದಿಂದ ಬಡತನವೋ ಎಂದು ಬಿಡಿಸಿ ಹೇಳುವುದು ಕಷ್ಟ. ನನ್ನ ಪುಸ್ತಕ ನೋಡಿದರೆ ಎರಡೂ ಸರಿ ಅನ್ನಿಸುತ್ತದೆ. ಸಾಲ ಇದ್ದವನೇ ಜ್ವರದಲ್ಲೂ ಕೆಲಸಕ್ಕೆ ಬರುತ್ತಾನೆ, ತಡವಾಗಿ ಪರೀಕ್ಷೆ ಮಾಡಿಸುತ್ತಾನೆ, ಜಾಸ್ತಿ ದಿನ ಮಲಗುತ್ತಾನೆ.

ಲೆಕ್ಕ ಕಣ್ಣಿಗೆ ಬಿದ್ದ ಮೇಲೆ ಕೆಲಸ ಶುರು ಮಾಡಿದೆ. ಚಳಿಜ್ವರ ಅಂದವರನ್ನು ಅದೇ ದಿನ ರಕ್ತ ಪರೀಕ್ಷೆಗೆ ಕಳಿಸುತ್ತೇನೆ. ಗೋವಾದಲ್ಲಿ ಕಟ್ಟಡ ಕಾರ್ಮಿಕರಿಗೆ ಆರೋಗ್ಯ ಕಾರ್ಡ್ ಮಾಡಿಸುವ ನಿಯಮವಿದೆ, ಅದನ್ನೂ ತಪ್ಪಿಸುವುದಿಲ್ಲ.

ಗುಳಿಗೆ ಮುಗಿಸುವಂತೆ ಮಾಡುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ವೈವಾಕ್ಸ್ ಎಂಬ ಬಗೆಯ ಮಲೇರಿಯಾಕ್ಕೆ ಸಾಮಾನ್ಯವಾಗಿ 3 ದಿನ ಕ್ಲೋರೋಕ್ವಿನ್, 14 ದಿನ ಪ್ರೈಮಾಕ್ವಿನ್ ಕೊಡುತ್ತಾರೆ. ಎರಡು ಮೂರು ದಿನಕ್ಕೆ ಜ್ವರ ಇಳಿಯುತ್ತದೆ. "ಮೇಸ್ತ್ರಿ, ಆರಾಮ ಆಗೇನ್ರೀ, ಇನ್ನ ಗುಳಿಗಿ ಯಾಕ್ರೀ?" ಎಂದು ಕೇಳುತ್ತಾರೆ. ಆದರೆ ರೋಗಾಣು ಪಿತ್ತಜನಕಾಂಗದಲ್ಲಿ ಸುಮ್ನೆ ಅಡಗಿ ಕೂತಿರುತ್ತದೆ. ವಾರಗಳೋ ತಿಂಗಳುಗಳೋ ಕಳೆದು ಮತ್ತೆ ಏಳುತ್ತದೆ, ಹೋದ ಪಗಾರ ಮತ್ತೊಮ್ಮೆ ಹೋಗುತ್ತದೆ. ಹಾಗಾಗಿ ಬೆಳಗ್ಗೆ ನಾಷ್ಟಾ ಆದ ಮೇಲೆ ನನ್ನ ಎದುರೇ ಗುಳಿಗೆ ನುಂಗಬೇಕು. ಹಾಜರಿಯ ಪಕ್ಕದಲ್ಲಿ ಒಂದು ಗುರುತು ಹಾಕುತ್ತೇನೆ. ನಡುವೆ ಊರಿಗೆ ಹೊರಟರೆ ಉಳಿದ ಗುಳಿಗೆ ಕಟ್ಟಿ ಕೊಡುತ್ತೇನೆ. ಊರಲ್ಲಿರುವ ಅಕ್ಕನಿಗೋ ಅವ್ವನಿಗೋ ಫೋನ್ ಮಾಡಿ ಹೇಳುತ್ತೇನೆ. ಗರ್ಭಿಣಿಯರಿಗೆ ಪ್ರೈಮಾಕ್ವಿನ್ ಕೊಡುವುದಿಲ್ಲ, ಬಸುರಿ ಇದ್ದರೆ ಮೊದಲೇ ಡಾಕ್ಟರಿಗೆ ತಿಳಿಸಬೇಕು. ಗುಳಿಗೆ ತಗೊಂಡ ಮೇಲೆ ಮೂತ್ರ ಕಪ್ಪಗಾದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರ್ ಹತ್ತಿರ ಓಡಬೇಕು. ಇದನ್ನು ಎಲ್ಲರಿಗೂ ಬಾಯಿಪಾಠ ಮಾಡಿಸಿದ್ದೇನೆ.

ಇನ್ನು ನೀರು. ಪಟ್ಟಣದಲ್ಲಿ ಮಲೇರಿಯಾ ಹರಡುವ ಸ್ಟೀಫೆನ್ಸಿ ಸೊಳ್ಳೆ ಚರಂಡಿಗಿಂತ ಶೇಖರಿಸಿಟ್ಟ ತಿಳಿನೀರನ್ನೇ ಹುಡುಕುತ್ತದೆ. ಡ್ರಮ್ಮು, ಟಾಕಿ, ಲಿಫ್ಟ್ ಗುಂಡಿ, ಸ್ಲ್ಯಾಬಿನ ಮೇಲೆ ಕ್ಯೂರಿಂಗಿಗೆ, ಅಂದರೆ ಕಾಂಕ್ರೀಟ್ ಗಟ್ಟಿಯಾಗಲೆಂದು, ನಿಲ್ಲಿಸಿದ ನೀರು, ಎಲ್ಲವೂ ಅದಕ್ಕೆ ಸಾಕು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಬೇಕು. ಅದಕ್ಕೆ ಮೊದಲೇ ನೀರು ಚೆಲ್ಲಿದರೆ ಮರಿ ಸಾಯುತ್ತದೆ. ಆದರೆ ಸ್ಲ್ಯಾಬ್ ಒಣಗಿಸಿದರೆ ಬಿರುಕು ಬಿಡುತ್ತದೆ ಎಂದು ಎಂಜಿನಿಯರ್ ಒಪ್ಪಲಿಲ್ಲ. ಅವರ ಮಾತೂ ಸರಿಯೇ. ಕೊನೆಗೆ ವಾರಕ್ಕೊಮ್ಮೆ ಹಳೆ ನೀರು ಗುಡಿಸಿ ಚೆಲ್ಲಿ, ಕೂಡಲೇ ಹೊಸ ನೀರು ಬಿಡುವುದು ಎಂದಾಯಿತು. ಸಾಧ್ಯವಿದ್ದ ಕಡೆ ಒದ್ದೆ ಗೋಣಿತಾಟು ಹಾಸುತ್ತೇವೆ. ಡ್ರಮ್ಮಿನ ಬಾಯಿಗೆ ಹಳೆ ಸೀರೆ ಬಿಗಿದು ಕಟ್ಟುತ್ತೇವೆ. ಲಿಫ್ಟ್ ಗುಂಡಿಗೆ ಪಂಪು.

ಇದಕ್ಕೆಲ್ಲ ಬೇಕಾದದ್ದು ವಾರಕ್ಕೆ ಇಬ್ಬರ ಅರ್ಧ ದಿನ. ಆ ಕೂಲಿ ಯಾರು ಕೊಡಬೇಕು? ಕಾರ್ಮಿಕರ ತಲೆಗೆ ಅದನ್ನು ಕಟ್ಟಬಾರದು, ಕಟ್ಟಡ ಅವರದಲ್ಲವಲ್ಲ. ಈಗ ಹೊಸ ಸೈಟಿನ ರೇಟ್ ಮಾತಾಡುವಾಗ ಗುತ್ತಿಗೆದಾರರ ಮುಂದೆ ಆ ಕಾಲಂ ತೆರೆದು ಇಡುತ್ತೇನೆ. ನೀರು ಚೆಲ್ಲುವ ಅರ್ಧ ದಿನದ ಕೂಲಿ, ರಕ್ತ ಪರೀಕ್ಷೆಗೆ ಹೋದ ದಿನದ ಪೂರ್ತಿ ಹಾಜರಿ, ಎರಡನ್ನೂ ರೇಟಿನಲ್ಲೇ ಸೇರಿಸಿ ಕೇಳುತ್ತೇನೆ. ಮೊದಲನೆಯದನ್ನು ಈಗ ಹೆಚ್ಚಿನವರು ಒಪ್ಪುತ್ತಾರೆ. ಎರಡನೆಯದಕ್ಕೆ ಇನ್ನೂ ಜಗ್ಗಾಟ ನಡೆದೇ ಇದೆ.