ಮಡಚುವ ಫೋನಿನಿಂದ ಅಜ್ಜನ ಫೋಟೋ ಹೊರಗೆ ಬಂದದ್ದು

2006ರಲ್ಲಿ ಹಂಪನಕಟ್ಟೆಯ ಅಂಗಡಿಯಿಂದ ಅಪ್ಪ ತಂದ ಮಡಚುವ ಫೋನು ಅದು. ವಿಜಿಎ ಕ್ಯಾಮೆರಾ, ಅಂದರೆ 640 × 480 ಚುಕ್ಕಿಗಳು, ಸುಮಾರು 0.3 ಮೆಗಾಪಿಕ್ಸೆಲ್. ಮೆಮೊರಿ ಕಾರ್ಡ್ ಹಾಕಲು ಜಾಗವಿಲ್ಲ. ಮಲ್ಪೆ ಬಂದರಿನಲ್ಲಿ ಅಜ್ಜ ಬಲೆ ಹಿಡಿದು ನಿಂತ ಫೋಟೋಗಳು ಅದರೊಳಗೇ ಉಳಿದಿದ್ದವು. ಅಜ್ಜ ಈಗಿಲ್ಲ. ಬೇರೆ ಪ್ರತಿಯೂ ಇಲ್ಲ.

ಮೊನ್ನೆ ಕಪಾಟಿನಿಂದ ತೆಗೆದರೆ ಬ್ಯಾಟರಿ ಉಬ್ಬಿತ್ತು. ಅಂಥದ್ದನ್ನು ಚಾರ್ಜಿಗೆ ಹಾಕಲೇಬಾರದು, ಬೆಂಕಿ ಹತ್ತಬಹುದು. ಅದೇ ಮಾದರಿಯ ಹೊಸದನ್ನು ಹುಡುಕಿ ಹಾಕಿದೆ. ಫೋನು ಆನ್ ಆಯಿತು. ಆದರೆ ಪೂರ್ತಿ ತೆರೆದರೆ ಪರದೆ ಕಪ್ಪು, ಅರ್ಧ ಮಡಚಿದರೆ ಬೆಳಕು!

ಆಗ ಗೊತ್ತಾಯಿತು. ಪರದೆಗೆ ಹೋಗುವ ತೆಳ್ಳಗಿನ ರಿಬ್ಬನ್ ಕೇಬಲ್ ಮಡಚುವ ಜಾಗದ ಒಳಗಿಂದಲೇ ಹಾದು ಹೋಗುತ್ತದೆ. ತೆರೆದಾಗಲೆಲ್ಲ ಅದು ಬಾಗುತ್ತದೆ. ವರ್ಷಗಟ್ಟಲೆ ಬಾಗಿ ಬಾಗಿ ಒಳಗಿನ ತಾಮ್ರದ ಗೆರೆ ಬಿರುಕು ಬಿಡುತ್ತದೆ. ಬಿಚ್ಚುವ ಧೈರ್ಯ ಬರಲಿಲ್ಲ. ಫೋಟೋ ಸಿಕ್ಕರೆ ಸಾಕಿತ್ತು, ಅಲ್ವಾ? ಬೆಳಕು ಬರುವಷ್ಟೇ ತೆರೆದು, ನಡುವೆ ಬೆಂಕಿಪೊಟ್ಟಣ ಇಟ್ಟು ರಬ್ಬರ್ ಬ್ಯಾಂಡ್ ಸುತ್ತಿದೆ.

ಮುಂದಿನದು ಬ್ಲೂಟೂತ್ ಮೂಲಕ ಫೋಟೋಗಳನ್ನು ಲ್ಯಾಪ್‌ಟಾಪ್‌ಗೆ ಕಳಿಸುವುದು. ಹಳೆಯ ಫೋನುಗಳಲ್ಲಿ ಎರಡೂ ಕಡೆ ಒಂದೇ ಪಿನ್ ಸಂಖ್ಯೆ ಒತ್ತಬೇಕು. ಜೋಡಣೆ ಆಯಿತು, ಆದರೂ ಫೋಟೋ ಹೋಗಲಿಲ್ಲ. ಇಲ್ಲೇ ನನಗೆ ಜಾಸ್ತಿ ಹೊತ್ತು ಹಿಡಿದದ್ದು. ವಿಂಡೋಸ್‌ನಲ್ಲಿ ಬ್ಲೂಟೂತ್ ಮೂಲಕ ಫೈಲ್ ಪಡೆಯುವ ಕಿಟಕಿಯನ್ನು ಮೊದಲೇ ತೆರೆದು ಕಾಯುತ್ತಾ ಇರಬೇಕು. ಸುಮ್ನೆ ಫೋನಿನಿಂದ ಕಳಿಸಿದರೆ ಲ್ಯಾಪ್‌ಟಾಪ್ ತೆಗೆದುಕೊಳ್ಳುವುದಿಲ್ಲ. ಹಾಗೆ ಮಾಡಿದ ಮೇಲೆ ಒಂದೊಂದಾಗಿ 17 ಫೋಟೋಗಳೂ ಬಂದವು.

ಮಸುಕಾಗಿವೆ, ನಿಜ. ಆದರೆ ಅಜ್ಜಿ ನೋಡಿದ ಕೂಡಲೇ ಆ ಬಲೆ ಯಾವ ಮೀನಿನದ್ದು ಅಂತ ಹೇಳಿದರು.